ಹಗುರಾಗುತ್ತ ಹೋದ ಗಂಗವ್ವ ಅತ್ತಿ

ಗಂಗವ್ವ ಅತ್ತಿ ಅರವತ್ತು ದಾಟಿದ ಮೇಲೆ ತನ್ನ ಹಳೇ ಕಾರಿನ ಟಾಪು ಕೊಯ್ಸಿ ಹಾಕಿದಳು. ಇಳಕಲ್ ಸೀರೆಯ ಸೆರಗನ್ನು ತಲೆಗೆ ಬಿಗಿದು, ಉರಿಬಿಸಿಲಿಗೆ ಮುಖವೊಡ್ಡಿ ಅವಳು ಬಾಗಲಕೋಟೆಯ ನವನಗರದಲ್ಲಿ ಹೊರಟರೆ ಮಂದಿ ಬಾಗಿಲಿಗೆ ಬಂದು ನೋಡುತ್ತಿದ್ದರು.

ಅವಳು ನನ್ನ ಅಪ್ಪನ ತಂಗಿ. ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಕಲಿಸುವವಳು. ನಾನು ಕ್ಲಚ್ ಒದ್ದರೆ, "ಗಾಡಿ ಅಂದ್ರ ಎಮ್ಮಿ ಅಲ್ಲ ತಂಗಿ, ಸಾವಕಾಶ" ಎನ್ನುವಳು. ಸದಾ ನಗಿಸುತ್ತಿದ್ದವಳು ಹಳೇ ಊರಿನ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ನಮ್ಮಜ್ಜಿ ಕಣ್ಣುಮುಚ್ಚಿದ ಮನೆ ಅಲ್ಲಿತ್ತು. ಅದನ್ನು ಆಲಮಟ್ಟಿಯ ಹಿನ್ನೀರು ನುಂಗಿತ್ತು.

ಹೋದ ವರ್ಷ ಬಾದಾಮಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಎದುರಿಗೆ ಟಾಪಿಲ್ಲದ ಕಾರೊಂದು ಬಂದು ನಿಂತಿತು. ಬೂದಿಬಣ್ಣ, ನೆಲಕ್ಕೆ ಎದೆ ತಾಗಿಸಿ ಮಲಗಿದ ಚಿರತೆಯಂಥ ಮೈ. ಇಂಥವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಇವೆ ಎಂದು ಅದನ್ನು ಓಡಿಸುತ್ತಿದ್ದ ಯುವಕ ಹಿಂದಿಯಲ್ಲಿ ಹೇಳಿದ. ಬಾಗಿಲು ಎತ್ತಿ ನೋಡಿದ ಅತ್ತಿ ಬೆಚ್ಚಿ ಕೈ ಹಿಂದೆಗೆದಳು.

"ಯವ್ವಾ, ಮೊರದಷ್ಟು ಹಗುರ ಐತಿ!"

ಒಂದು ಸುತ್ತು ಹೋಗೋಣ ಬನ್ನಿ ಎಂದು ಅವನು ಕರೆದ. ಮಗುವಿನಂತೆ ಹತ್ತಿ ಕೂತಳು.

ನನ್ನ ಚಹಾ ಆರುವ ಮೊದಲೇ ಕಾರು ಅವಳನ್ನು ಇಳಿಸಿ ಹೋಯಿತು. ಸೀರೆಯ ಅಂಚು ತೊಯ್ದಿತ್ತು. ಕೆಸರಿನ ವಾಸನೆ.

"ಎಲ್ಲಿ ಹೋಗಿದ್ದಿ ಅತ್ತಿ?"

"ಮನಿಗೆ. ಅವ್ವ ಕಟ್ಟಿ ಮ್ಯಾಲ ಕುಂತಿದ್ಲು. ಇಳಿದು ಹತ್ತಿರ ಹೋದೆ. ನೀ ಇನ್ನೂ ಭಾರ ಅದಿ, ಹೊಳ್ಳಿ ಹೋಗು ಅಂದ್ಲು."

ಬಾದಾಮಿಯಿಂದ ನಮ್ಮ ಹಳೇ ಊರು ಒಂದು ತಾಸಿನ ದಾರಿ. ನಾನು ಬಗ್ಗಿ ಅವಳ ಸೀರೆಯ ಅಂಚು ಹಿಂಡಿದೆ.

ಆಮೇಲೆ ಶುರುವಾಯಿತು. ಟಾಪು ಹೋಯಿತು, ಹಿಂದಿನ ಸೀಟು ಹೋಯಿತು, ಸ್ಟೆಪ್ನಿ ಹೋಯಿತು. ಬಳೆಗಳನ್ನೂ ಕಳಚಿದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ದವಾಖಾನೆಗೆ ಕರೆದರೆ, "ಜಡ್ಡಲ್ಲ ತಂಗಿ, ಹಗುರ ಆಗಾಕತ್ತೇನಿ" ಎಂದು ನಗುವಳು. ಕೊನೆಕೊನೆಗೆ ಅವಳು ಕೂತರೂ ಸೀಟು ಕುಗ್ಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ರಸ್ತೆ ಮೇಲೆದ್ದಿತು. ಒಂದು ಮಧ್ಯಾಹ್ನ ಅತ್ತಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ನೀರಿನಿಂದ ಒಂದಿಷ್ಟು ದೂರದಲ್ಲಿ ಗಾಡಿ ನಿಲ್ಲಿಸಿ, "ನೀ ಇಳಿ. ನೀ ಭಾರ" ಎಂದಳು.

"ಬ್ಯಾಡ ಅತ್ತಿ, ಮನಿಗೆ ಹೋಗೂಣು."

"ಅಂಜಬ್ಯಾಡ. ಅವ್ವ ಕರ್ಯಾಕತ್ತಾಳ."

ಅವಳ ತೋಳು ಹಿಡಿದೆ. ನನ್ನ ಮುಷ್ಟಿಗೆ ಕುಪ್ಪಸದ ಬಟ್ಟೆಯಷ್ಟೇ ಸಿಕ್ಕಂತಾಯಿತು. ಹೆದರಿ ಚಾವಿ ಕಿತ್ತುಕೊಂಡು ಕೆಳಗೆ ಹಾರಿದೆ. ಅವಳನ್ನು ಇಳಿಸಿಕೊಳ್ಳಲು ಸುತ್ತಿ ಬರುವಷ್ಟರಲ್ಲಿ ಗಾಡಿ ಸದ್ದಿಲ್ಲದೆ ಹೊರಟುಬಿಟ್ಟಿತು. ಕೂಗುತ್ತ ಬೆನ್ನಟ್ಟಿದೆ. ನೀರಂಚಿನ ಕೆಸರಿನಲ್ಲಿ ಅದು ತಾನಾಗಿ ನಿಂತಿತು.

ಸೀಟು ಖಾಲಿ. ಬೆಲ್ಟು ಹಾಕಿದ್ದು ಹಾಕಿದಂತೆಯೇ ಇತ್ತು.

ಮೀನುಗಾರರು ಸಂಜೆಯವರೆಗೂ ಹುಡುಕಿದರು. ನೀರು ಮೊಣಕಾಲು ಮುಳುಗುವಷ್ಟೂ ಇರಲಿಲ್ಲ. ಬಂದ ಪೊಲೀಸರು ಗಾಡಿಯ ಸುತ್ತ ಬಗ್ಗಿ ಬಗ್ಗಿ ನೋಡಿದರು. ಹುಡುಕಿದವರ ಹೆಜ್ಜೆ ಬಿಟ್ಟರೆ ಹಸಿ ಕೆಸರಿನಲ್ಲಿ ಓಡಿ ಬಂದ ನನ್ನ ಹೆಜ್ಜೆಗಳು ಮಾತ್ರ ಇದ್ದವು.