ಬೆರಳು ಮೂಸಿದ ಲ್ಯಾಬಿನವನು

ಬ್ಯಾಡಗಿಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದ. "ಮಷಿನ್ ಸುಳ್ಳು ಹೇಳಂಗಿಲ್ರಿ, ಮಂದಿ ಹೇಳ್ತಾರ" ಎಂಬುದು ಅವನ ದಿನದ ಮಾತು.

ಸಕ್ಕರೆ ಏರಿದ್ದರೆ ದಿನಾ ಇನ್ಸುಲಿನ್ ಚುಚ್ಚಬೇಕೆಂದು ಡಾಕ್ಟರು ನನ್ನನ್ನು ಹೆದರಿಸಿದ್ದರು. ಅವನು ಬೆರಳು ಚುಚ್ಚಿದ. ಮಷಿನ್ ನಾಲ್ಕು ನೂರು ತೋರಿಸಿತು.

"ಅತ್ತಿ, ಏನ್ ತಿಂದ್ರಿ?" ಜೊತೆಗೆ ಬಂದಿದ್ದ ಸೊಸೆ ಕಣ್ಣು ಕೆಂಪು ಮಾಡಿದಳು.

"ದೇವರಾಣಿ, ಹನಿ ಚಹಾನೂ ಕುಡದಿಲ್ಲವ್ವಾ!"

ಅವನು ನನ್ನ ಬೆರಳು ಮೂಸಿದ. "ಸಂಚ್ಯಾಗ ಏನೈತ್ರಿ, ಅಮ್ಮಾರ?"

ಪರೀಕ್ಷೆ ಮುಗಿದ ಮೇಲೆ ತಿನ್ನಲೆಂದು ಎಲೆಅಡಿಕೆ ಸಂಚಿಯಲ್ಲಿ ಬಚ್ಚಿಟ್ಟು, ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಂಡಿದ್ದ ಬೆಲ್ಲ ಹೊರಬಂತು. ಅದನ್ನು ತನ್ನ ಮೇಜಿನ ಮೇಲಿಟ್ಟುಕೊಂಡು, ನನ್ನ ಕೈ ತೊಳೆಸಿ ಮತ್ತೆ ಚುಚ್ಚಿದ. ಈ ಸಲ ನೂರಾ ಇಪ್ಪತ್ತು.

"ಮೊದಲಿಂದು ಬೆಲ್ಲದ್ದು, ಇದು ಅಮ್ಮಾರದು" ಎಂದು ಬರೆದುಕೊಟ್ಟ. ನಾನು ಇನ್ಸುಲಿನ್‌ನಿಂದ ಪಾರಾದೆ.

"ನನ್ನ ಬೆಲ್ಲ ಕೊಡೋ ತಮ್ಮಾ."

"ಅದು ಪುರಾವೆ ರೀ, ಕೊಡಂಗಿಲ್ಲ" ಎಂದವನು, ನಾವು ಬಾಗಿಲು ದಾಟುವ ಮೊದಲೇ ಅದನ್ನು ಬಾಯಿಗೆ ಹಾಕಿಕೊಂಡ.