ಕೋಡಿನ ಬಣ್ಣ ನೋಡಿ ರೇಡಿಯೋ ತರಬಾರ್ದು

ಇವತ್ತು ಗಂಗಾವತಿಯೊಳಗ ನನ್ನ ಮರ್ಯಾದಿ ಹೋತು ನೋಡ್ರಿ ದೋಸ್ತರ, ಆದ್ರೂ ಎದಿ ಉಬ್ಬೇತಿ.

ನನ್ನ ಹೆಂಡ್ತಿ ಶಾಂತಾಗ ಹ್ಯಾಮ್ ರೇಡಿಯೋ, ಅಂದ್ರ ಹವ್ಯಾಸಕ್ಕ ದೂರದವರ ಜೋಡಿ ಮಾತಾಡೋ ರೇಡಿಯೋದ ಲೈಸೆನ್ಸ್ ಬಂದೈತಿ. ಮೊದಲ್ನೇ ಸೆಟ್ ತರಾಕ ಆಕಿಗೆ ಕಲಿಸಿದ ಮಾಸ್ತರ ಮನಿಗೆ ಹೋಗಿದ್ವಿ. ಕೈಯಾಗ ಹಿಡಿಯೋವಂಥ ತಮ್ಮ ಎರಡು ಹಳೇ ಸೆಟ್ ಮುಂದಿಟ್ರು. ಒಂದಕ್ಕ ಬಣ್ಣಬಣ್ಣದ ಸ್ಕ್ರೀನು, ಇನ್ನೊಂದು ಬೋಳು ಕರೀದು. ನಾನು ದೊಡ್ಡ ಶಾಣ್ಯಾನಂಗ "ಸ್ಕ್ರೀನ್ ಇರೋದ ತಗೋ" ಅಂದೆ.

ಆಕಿ ಕುಷ್ಟಗಿ ಕಡೀ ರೈತರ ಮಗಳು. "ಸಂತ್ಯಾಗ ಕೋಡಿನ ಬಣ್ಣ ನೋಡಿ ಎತ್ತು ತಗೊಂಡವ ಕೆಟ್ಟ ಅಂತಾನ ನಮ್ಮಪ್ಪ. ಹೂಡಿ ನೋಡಬೇಕ್ರೀ" ಅಂದ್ಲು. ಮಾಸ್ತರನ್ನ ಮನಿಯೊಳಗಿನ ಸೆಟ್ಟಿನ ಮುಂದ ಕೂಡಿಸಿ, ಎರಡನ್ನೂ ಹಿಡ್ಕೊಂಡು ಊರಾಚೆ ಕಲ್ಲುಗುಡ್ಡದ ಹಿಂದಕ್ಕ ನಡದ್ಲು. ಬಿಸಲಾಗ ನಾನೂ ಬೆನ್ನತ್ತಿದೆ. ಸ್ಕ್ರೀನ್ ಇದ್ದದ್ರಾಗ ಮಾಸ್ತರನ್ನ ಕರದ್ರ ಬರೇ ಸುಂಯ್ ಅನ್ನೋ ಸಪ್ಪಳ. ಕರೀದ್ರಾಗ ಕರದ್ಲು, "ಭಾಳ ಛಲೋ ಕೇಳಸ್ತೈತಿ, ತಂಗಿ!" ಅಂದ್ರು ಮಾಸ್ತರು. ಅದನ್ನ ತಗೊಂಡ್ವಿ.

ಬರೋ ಮುಂದ ಬಸ್ಸಿನ್ಯಾಗ ಕೇಳಿದೆ: "ಮದಿವಿಗೆ ಮೊದಲು ನಿಮ್ಮಪ್ಪ ನನ್ನೂ ಹಿಂಗ ಹೂಡಿ ನೋಡಿದ್ನೇನು?"

ಶಾಂತಾ ರೇಡಿಯೋ ಸೆರಗಿನ್ಯಾಗ ಒರಸ್ಕೋತ ಅಂದ್ಲು: "ಇಲ್ರೀ. ಅದೊಂದು ಸಲ ಅಪ್ಪ ಕೋಡಿನ ಬಣ್ಣ ನೋಡಿಬಿಟ್ಟ."