ಬಟ್ಟಿಟ್ಟು ಓದು

ಮಕ್ಕಳ ಕೈಗೆ ಪುಸ್ತಕ ಹತ್ತುವಂತೆ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಉಪದೇಶ ಮಾಡಲು ಬಾಯಿ ಬರುವುದಿಲ್ಲ. ನನಗೆ ಓದಿನ ಹುಚ್ಚು ಹಿಡಿಸಿದ ಅಪ್ಪನಿಗೇ ಕನ್ನಡ ಓದಲು ಬರುತ್ತಿರಲಿಲ್ಲ.

ಅಪ್ಪ ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಅವನ ಅಕ್ಷರ ಚೆಂದವೆಂದು ಜನ ಹುಡುಕಿಕೊಂಡು ಬಂದು ಅರ್ಜಿ ಬರೆಸುತ್ತಿದ್ದರಂತೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳು ಮೆಲ್ಲಗೆ ಕನ್ನಡಕ್ಕೆ ತಿರುಗಿದವು. ಮಾತಾಡುವ ಕನ್ನಡ ಅಪ್ಪನಿಗೆ ಬಾಯಿತುಂಬ ಇತ್ತು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕಚೇರಿಯವರ ಕನ್ನಡ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದ. ಇನ್ನೊಮ್ಮೆ ಫೇಲಾದರೆ ಫೈಲು ಬರೆಯುವ ಮೇಜು ಬಿಟ್ಟು, ಲಕೋಟೆಗೆ ಅಂಟು ಹಚ್ಚುತ್ತ ಮೂಲೆಯಲ್ಲಿ ಕೂರಬೇಕಿತ್ತು. ಇದು ಅವ್ವನಿಗೆ ಗೊತ್ತಿತ್ತು. ಏಳನೆಯ ತರಗತಿಯಲ್ಲಿದ್ದ ನನಗೆ ಗೊತ್ತಿರಲಿಲ್ಲ.

ನಾನೋ ಓದು ಎಂದರೆ ಮೂಗು ಮುರಿಯುತ್ತಿದ್ದೆ. ಒಂದು ಸಂಜೆ ಅಪ್ಪ ಲೈಬ್ರರಿಯಿಂದ ದಪ್ಪನೆಯ ಕಥೆಪುಸ್ತಕ ತಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪುಸ್ತಕವನ್ನು ಹಿಂದಿನಿಂದ ತೆರೆದ. ಬಲದಿಂದ ಎಡಕ್ಕೆ ಸಾಗುವ ಉರ್ದು ಪುಸ್ತಕ ತೆರೆದು ತೆರೆದು ಕೈಗೆ ಅದೇ ರೂಢಿ.

"ಅಪ್ಪಾ, ಅದು ಕಡೀ ಪುಟ ಅದ."

ಅಪ್ಪ ತಡವರಿಸಿದ. "ಇರ್ಲಿ, ಇಲ್ಲಿಂದೇ ಓದವ್ವ. ಬಟ್ಟಿಟ್ಟು ಓದು."

ಬಟ್ಟ ಎಂದರೆ ನಮ್ಮ ಕಡೆ ಬೆರಳು. ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದೆ. ಕಳೆದುಹೋಗಿದ್ದ ಮಗಳೊಬ್ಬಳು ಮನೆಗೆ ಮರಳುವಲ್ಲಿಗೆ ಕಥೆ ಮುಗಿಯಿತು. ಇಷ್ಟಕ್ಕೇ ಪಾರಾದೆನೆಂದು ಏಳಹೋದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬಂದಳು ಖರೆ, ಮೊದಲ ಹೋಗಿದ್ದು ಯಾಕ?" ಎಂದಳು ಅವ್ವ.

ನನಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಮೊದಲ ಪುಟಕ್ಕೆ ಹೋಗಬೇಕಿತ್ತು. ಅಪ್ಪನ ಆ ತಪ್ಪಿನಿಂದಲೇ ನಾನು ಓದುವವಳಾದೆ. ಅಂದಿನಿಂದ ದಿನಾ ಸಂಜೆ ರೊಟ್ಟಿಯ ಹೊತ್ತಿಗೆ ಓದು. ಅವ್ವನ ಬಡಿತ ನಿಧಾನವಾದರೆ ಕಥೆ ರುಚಿಗೆ ಬಂತೆಂದು ಅರ್ಥ. ಅಪ್ಪ ಮಾತ್ರ ನನ್ನ ಬೆರಳನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ.

ರುಚಿ ಹತ್ತಿದ ಮೇಲೆ ಬೆರಳೇ ಅಡ್ಡವೆನಿಸಿತು. ಒಂದು ದಿನ ಬೆರಳೆತ್ತಿ ಗಡಗಡ ಓದತೊಡಗಿದೆ.

"ಬಟ್ಟಿಡವ್ವ" ಎಂದ ಅಪ್ಪ.

"ನಾ ಏನ ಸಣ್ಣಾಕಿ ಇದ್ದೀನೇನು? ಓದ್ಲಿಕ್ಕೆ ಬರಲಾರದವ್ರು ಬಟ್ಟಿಡ್ತಾರ" ಎಂದು ಸಿಡುಕಿದೆ.

ಅಪ್ಪ ಎದ್ದು ಅಂಗಳಕ್ಕೆ ಹೋದ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ನಿನ್ನ ಬಟ್ಟ ನೋಡಿ ಕನ್ನಡ ಕಲೀಲಿಕತ್ತಾರವ್ವ. ಮುಂದಿನ ತಿಂಗಳ ಕಚೇರಿ ಪರೀಕ್ಷಾ ಅದ. ಆ ಮೇಜು ಹೋದ್ರ ಭಾಳ ನೊಂದ್ಕೋತಾರ."

ಅಂದು ಆಡಿದ ಆ ಮಾತು ಇವತ್ತು ನೆನೆದರೂ ನನಗೆ ನಾಚಿಕೆಯಾಗುತ್ತದೆ. ಪುಸ್ತಕ ಎತ್ತಿಕೊಂಡು ಅಂಗಳಕ್ಕೆ ಹೋದೆ. ಅಪ್ಪ ಶಹಾಬಾದಿ ಹಾಸುಗಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು, ಬೆರಳಿಟ್ಟು, ಎಂದಿಗಿಂತ ನಿಧಾನವಾಗಿ ಓದಿದೆ. ಒತ್ತಕ್ಷರ ಬಂದಲ್ಲಿ ಸುಳ್ಳೇ ಎಡವಿ ಎರಡೆರಡು ಸಲ ಓದಿದೆ. ಅಪ್ಪನಿಗೆ ತಿಳಿಯಿತೋ ಏನೋ, ನನ್ನ ಬೆನ್ನ ಮೇಲೆ ಕೈಯಿಟ್ಟ.

ಪರೀಕ್ಷೆ ಪಾಸಾದ ಸಂಜೆ ಅಪ್ಪ ಹೊಸ ಪುಸ್ತಕ ತಂದ. ರೂಢಿಯಂತೆ ಹಿಂದಿನಿಂದ ತೆರೆದು, ತನಗೆ ತಾನೇ ನಕ್ಕು, ತಿರುಗಿಸಿ ಮೊದಲ ಪುಟ ತೆಗೆದ.

"ಇವತ್ತ ನೀ ಕೇಳು" ಎಂದು ಓದತೊಡಗಿದ. ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರದ ಮುಂದೆ ನಿಂತುಬಿಟ್ಟ. ಅವ್ವನ ಬಡಿತವೂ ನಿಂತಿತು. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಆ ಕಡೆ ನೋಡಲಿಲ್ಲ. ನಾನು ಆ ಅಕ್ಷರದ ಕೆಳಗೆ ಬೆರಳಿಟ್ಟೆ. ಅಪ್ಪ ಓದಿದ.